ಪೂವಮ್ಮನ ಕಥೆಗಳಿದ್ದ ಡಿಸ್ಕ್

ಗುರುವಾಯನಕೆರೆಯಲ್ಲಿ ನನ್ನ ಹೊಲಿಗೆ ಅಂಗಡಿಗೆ ತಾಗಿಯೇ ಧನರಾಜನ ಕಂಪ್ಯೂಟರ್ ರಿಪೇರಿ ಅಂಗಡಿ. ನಡುವೆ ಇರುವುದು ಹಲಗೆಯ ಗೋಡೆ, ಹಾಗಾಗಿ ಅವನ ಮಾತೆಲ್ಲ ನನಗೆ ಕೇಳುತ್ತದೆ. ಪಿಯುಸಿವರೆಗೆ ಓದಿದವನು, ಉಳಿದದ್ದನ್ನು ಬಿಚ್ಚಿ ಜೋಡಿಸಿಯೇ ಕಲಿತ. "ಈ ಡಬ್ಬವನ್ನು ಗುಜರಿಗೆ ಹಾಕು ಮಾರಾಯ" ಎಂದು ಹಳೆಯ ಕಂಪ್ಯೂಟರ್ ತೋರಿಸಿ ಯಾರಾದರೂ ನಕ್ಕರೆ, "ಮೊದಲು ನಿಮ್ಮ ಬೈಕ್ ಹಾಕಿ, ಮತ್ತೆ ನೋಡುವ" ಎನ್ನುತ್ತಿದ್ದ.

ಕಳೆದ ವರ್ಷ ಆಯುಧಪೂಜೆಯ ಹಿಂದಿನ ದಿನ ಕೊಕ್ಕಡದ ಮೋಕ್ಷಿತಾ ಕಂಪ್ಯೂಟರ್ ತಂದಳು. ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟಿತ್ತು.

"ಅಮ್ಮ ಹೇಳಿದ ಕಥೆಗಳೆಲ್ಲ ಇದರಲ್ಲಿ ಉಂಟು ಅಣ್ಣ. ನಾನೇ ರೆಕಾರ್ಡ್ ಮಾಡಿದ್ದು. ಈಗ ಅಮ್ಮನಿಗೆ ಮಾತು ಬರುವುದಿಲ್ಲ, ಜಾಗ್ರತೆ."

ಅವಳ ತಾಯಿ ಪೂವಮ್ಮನಿಗೆ ಪಾರ್ಶ್ವವಾಯು ಬಡಿದು ಆರು ತಿಂಗಳಾಗಿತ್ತು.

ಮರುದಿನ ಧನರಾಜ್ ಹೊಸ ಬೋರ್ಡ್ ಹಾಕಿದ. ಕಂಪ್ಯೂಟರ್ ಆನ್ ಆಯಿತು, ವಿಂಡೋಸ್ ಬರಲಿಲ್ಲ. ಬೂಟ್ ಮಾಡಲು ಡಿಸ್ಕ್ ಸಿಗುತ್ತಿಲ್ಲ ಎಂದು ಕಪ್ಪು ಪರದೆಯ ಮೇಲೆ ಒಂದೇ ಸಾಲು. ಸಿಡಿಲು ಡಿಸ್ಕಿನಲ್ಲಿದ್ದುದನ್ನೂ ಕೆಡಿಸಿದೆ ಎಂದುಕೊಂಡ. ಆದರೂ ಒಮ್ಮೆ ಕಾಪಿ ಮಾಡಿ ನೋಡಬೇಕೆಂದಿದ್ದ. ಕಾಪಿ ತುಂಬಿಸಲು ಇದ್ದ ಅವನ ಡಿಸ್ಕ್ ಮಾತ್ರ ಸ್ಕ್ರೂಡ್ರೈವರುಗಳ ಜೊತೆ ಕುಂಕುಮ ಹಚ್ಚಿಕೊಂಡು ದೇವರ ಮುಂದೆ ಕುಳಿತಿತ್ತು.

"ಅಕ್ಕ, ಅದನ್ನೊಂದು ತೆಗೆಯಬಹುದಾ?" ಎಂದು ಗೋಡೆಯಾಚೆಯಿಂದ ಕೇಳಿದ.

"ಪೂಜೆಗೆ ಇಟ್ಟದ್ದನ್ನು ಎತ್ತಬಾರದು. ನಾಳೆ ತೆಗೆ."

ಹಾಗೆಂದವಳು ನಾನು. ನಾಳೆಯವರೆಗೆ ಕಾಯುತ್ತಾನೆ ಎಂದೇ ನಂಬಿದ್ದೆ. ಆದರೆ ಆರತಿಯ ಹೊತ್ತಿಗೆ ಅಂಗಡಿಯಲ್ಲಿ ಕೆಟ್ಟು ನಿಂತ ಯಂತ್ರ ಇರಬಾರದೆಂಬುದು ಅವನ ಪದ್ಧತಿ. ಮೋಕ್ಷಿತಾಳ ಡಿಸ್ಕ್ ಪೂರ್ತಿ ಅಳಿಸಿ ಹೊಸ ವಿಂಡೋಸ್ ಹಾಕಿದ. ಆರತಿಗೆ ಪರದೆ ನೀಲಿಯಾಗಿ ಬೆಳಗಿತು. ನಾನು ಕೈಮುಗಿದೆ.

ಮೋಕ್ಷಿತಾ ಬಂದಾಗ, "ಕಥೆಗಳು ಸಿಡಿಲಿಗೆ ಹೋಗಿವೆ" ಎಂದ. ಅವಳು ಕಂಪ್ಯೂಟರ್ ಬಿಟ್ಟೇ ಹೋದಳು. ಅಳಿದದ್ದನ್ನು ಮರಳಿ ತೆಗೆಸಲು ಅವನು ಡಿಸ್ಕನ್ನು ಮಂಗಳೂರಿಗೆ ಕಳಿಸಿದ. ಬಂದದ್ದು ಅರ್ಧ ತುಂಡಾದ ಫೋಟೊಗಳು, ಧ್ವನಿ ಒಂದೂ ಇಲ್ಲ.

ಎರಡು ವಾರದ ಮೇಲೆ ಇನ್ನೊಂದು ಹಳೆಯ ಕಂಪ್ಯೂಟರಿಗೆ ಅಂಥದೇ ಹೊಸ ಬೋರ್ಡ್ ಹಾಕಿದ. ಅದೇ ಕಪ್ಪು ಪರದೆ, ಅದೇ ಸಾಲು. ಈ ಸಲ ಅವಸರ ಮಾಡಲಿಲ್ಲ. ಬೋರ್ಡಿನ ಸೆಟ್ಟಿಂಗ್ ತೆರೆದು, ಹಳೆಯ ಕಾಲದ ಡಿಸ್ಕುಗಳನ್ನೂ ಒಪ್ಪುವಂತೆ ಒಂದು ಸಾಲು ಬದಲಿಸಿದ. ಹಳೆಯ ವಿಂಡೋಸ್ ಹಾಗೆಯೇ ಎದ್ದು ಬಂತು.

ಗೋಡೆಯಾಚೆಯಿಂದ "ಅಕ್ಕ, ಒಮ್ಮೆ ಬನ್ನಿ" ಎಂದು ಕರೆದ. ನಾನು ಎದ್ದು ಹೋದೆ.

"ಮೋಕ್ಷಿತಾಳ ಡಿಸ್ಕ್ ಹಾಳಾಗಿರಲಿಲ್ಲ ಅಕ್ಕ. ಕಥೆಗಳನ್ನು ನಾನೇ ಕೊಂದೆ."

"ಕಾಪಿ ಮಾಡದಂತೆ ನಾನು ತಡೆದೆನಲ್ಲ."

"ಅಳಿಸು ಅಂತ ನೀವು ಹೇಳಿದ್ದಾ?"

ಅವಳಿಗೆ ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಭಾನುವಾರ ಇಬ್ಬರೂ ಕೊಕ್ಕಡಕ್ಕೆ ಹೋದೆವು. ಜಗಲಿಯಲ್ಲಿ ಪೂವಮ್ಮ ಕುರ್ಚಿಗೆ ಒರಗಿದ್ದರು. ಅವರ ಎದುರೇ ಧನರಾಜ್ ಎಲ್ಲವನ್ನೂ ಹೇಳಿದ.

"ಸಿಡಿಲು ಅಂತ ಸುಮ್ಮನಾಗಿದ್ದೆ ಅಣ್ಣ," ಮೋಕ್ಷಿತಾ ಎಂದಳು. "ಈಗ ಹೇಗೆ ಸುಮ್ಮನಾಗಲಿ?"

ಪೂವಮ್ಮ ಎಡಗೈ ಎತ್ತಿ ಮಗಳನ್ನು ತಡೆದರು. ಬಾಯಿ ಒಂದು ಬದಿಗೆ ಎಳೆಯಿತು. "ಒಂಜಿ... ಒಂಜಿ..." ಎಂದರು. 'ಒಂಜಿ' ಎಂದರೆ ಒಂದು; 'ಒಂದು ಊರಿನಲ್ಲಿ' ಎಂದೇ ನಮ್ಮ ತುಳುವಿನಲ್ಲಿ ಕಥೆ ತೊಡಗುವುದು.

ಧನರಾಜ್ ಅವರ ಕಾಲ ಬಳಿ ನೆಲದ ಮೇಲೆ ಕುಳಿತು, ಕಥೆ ಕೇಳುವ ಮಕ್ಕಳಂತೆ "ಹೂಂ" ಎಂದ. ಅವರು ಇನ್ನೊಮ್ಮೆ "ಒಂಜಿ..." ಎಂದರು. ಅವನು ಮತ್ತೆ "ಹೂಂ" ಎಂದ. ಊರಿನವರೆಗೆ ಕಥೆ ಬರಲೇ ಇಲ್ಲ.