ಹುವಾಂಗ್ ಎಂಬ ಮನೆಹೆಸರು

ಲವಂಗದೆಣ್ಣೆಯ ವಾಸನೆ ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ಹಲ್ಲುನೋವಿಗಿಂತ ಮೊದಲು ಹೊಟ್ಟೆಕಿಚ್ಚು ನೆನಪಾಗುತ್ತದೆ. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ, ಗಣಿ ಕೆಲಸಗಾರರ ಲೈನ್ ಮನೆಗಳ ಕೊನೆಗೆ ಚೀನೀ ಹಲ್ಲು ಡಾಕ್ಟರ ಮನೆಯಿತ್ತು. ಅವರ ಮಗಳು ಮೇಯಿ ನನ್ನ ಕ್ಲಾಸು. ಅವಳ ಜಡೆ ನನ್ನದಕ್ಕಿಂತ ಉದ್ದ, ಅದನ್ನು ಹೇಗೋ ಸಹಿಸಿಕೊಂಡಿದ್ದೆ. ಸಹಿಸಲಾಗದೆ ಹೋದದ್ದು ಅವಳ ಮನೆಹೆಸರು.

ಡಾಕ್ಟರನ್ನು ಊರೆಲ್ಲ ಹುವಾಂಗ್ ಎನ್ನುತ್ತಿತ್ತು. ಅದು ಅವರ ಸ್ವಂತ ಹೆಸರೆಂದೇ ನಾವು ತಿಳಿದಿದ್ದೆವು. ಒಂದು ಸಂಜೆ ಗಣಿಯಿಂದ ಬಂದ ಅಪ್ಪ, ನನ್ನನ್ನೂ ಡಾಕ್ಟರ ಮನೆಗೆ ಕರೆದುಕೊಂಡು ಹೋಗಿ, ಊದಿದ ಕೆನ್ನೆ ಹಿಡಿದು ಹಲ್ಲು ಕೀಳುವ ಕುರ್ಚಿಯಲ್ಲಿ ಕೂತು, "ಉವಾಂಗ್ ಸಾರ್, ನಿಮ್ ಇನಿಷಿಯಲ್ ಏನು?" ಎಂದರು. ನಮ್ಮ ಕಡೆ ಹೆಸರಿನ ಮುಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಅಷ್ಟೇ ತಾನೆ? ಡಾಕ್ಟರು ನಕ್ಕರು. ಹುವಾಂಗ್ ಎಂಬುದು ಮನೆತನದ ಹೆಸರಂತೆ, ಅವರಲ್ಲಿ ಅದೇ ಮೊದಲು ಬರುತ್ತದಂತೆ. ಅರ್ಥ ಹಳದಿ. ಸೊಂಟಕ್ಕೆ ಹಸಿರುಕಲ್ಲು ಕಟ್ಟಿಕೊಂಡ ಮನುಷ್ಯನ ಚಿತ್ರವೇ ಅದನ್ನು ಬರೆಯುವ ಚೀನೀ ಅಕ್ಷರವಾಯಿತು ಎನ್ನುವವರೂ ಉಂಟಂತೆ.

"ನಮ್ ತಾತ ಅಂತಿದ್ದಿದ್ದೇ ಬೇರೆ. ಉವಾಂಗ್ ಅಂತ ಒಂದು ಚಿಕ್ಕ ರಾಜ್ಯ ಇತ್ತು, ಪಕ್ಕದ ದೊಡ್ಡೋರು ಬಂದು ನುಂಗಿದ್ರು. ರಾಜ್ಯ ಓಯ್ತು, ಅದ್ರ ಎಸ್ರನ್ನ ಜನ ಮನೆಗೆ ಇಟ್ಕೊಂಡ್ರು," ಎಂದರು ಡಾಕ್ಟರು, ನಮ್ಮ ಮಾತಿನಲ್ಲೇ.

ಅಪ್ಪ ಹಲ್ಲು ಕೀಳಿಸಿಕೊಂಡ ನೋವನ್ನೂ ಮರೆತರು. "ಆ ಉಡ್ಗಿ ಎಸ್ರಲ್ಲಿ ಒಂದ್ ರಾಜ್ಯಾನೇ ಐತೆ ಕಣಮ್ಮಾ," ಎಂದು ಕಂಡವರಿಗೆಲ್ಲ ಹೇಳಿದ್ದೇ ಹೇಳಿದ್ದು. ನನ್ನ ಹೊಟ್ಟೆ ಉರಿಯುತ್ತಿತ್ತು. ನನ್ನ ಹೆಸರಿನ ಮುಂದಿದ್ದದ್ದು ಅಪ್ಪ ಹುಟ್ಟಿದ, ನಾನು ಒಂದು ದಿನವೂ ಬಾಳದ ಬೂದಿಕೋಟೆಯ 'ಬಿ'. ಅಷ್ಟು ಬೆರಗಿನಿಂದ ಅಪ್ಪ ನನ್ನ ಹೆಸರನ್ನು ಒಮ್ಮೆಯೂ ಹೇಳಲಿಲ್ಲ.

ಗಣಿ ಮುಚ್ಚಿತು. ಮೇಯಿ ಮನೆಯವರು ಕಲ್ಕತ್ತೆಯ ನೆಂಟರ ಬಳಿ ಹೋದರು, ನಾವು ಬಂಗಾರಪೇಟೆ ಸೇರಿದೆವು, ಅಪ್ಪ ಅಲ್ಲೇ ತೀರಿಕೊಂಡರು. ಹೋದ ವಾರ ಮೇಯಿ ಬಂದಿದ್ದಳು, ತಲೆಯೆಲ್ಲ ನರೆತು. ಇಬ್ಬರೂ ಚಾಂಪಿಯನ್ ರೀಫ್ಸಿಗೆ ಹೋದೆವು. ಡಾಕ್ಟರ ಮನೆಯ ಜಾಗದಲ್ಲಿ ಮೊಣಕಾಲೆತ್ತರದ ಗೋಡೆ, ನಮ್ಮ ಮನೆಯ ಜಾಗದಲ್ಲಿ ಜಾಲಿಮುಳ್ಳು. ಅವಳು ಗೋಡೆಯ ಮೇಲೆ ಕೂತು ಫೋನಿನಲ್ಲಿ ತಮ್ಮನ ಮೊಮ್ಮಗನನ್ನು ತೋರಿಸಿದಳು.

"ಇವ್ನೂ ಉವಾಂಗೇ ಕಣೇ," ಎಂದಳು. ಕೋಲಾರದ ಮಾತು ಅವಳ ಬಾಯಲ್ಲಿ ಹಾಗೇ ಉಳಿದಿತ್ತು.

ಹಳೆಯ ಉರಿ ಮತ್ತೆ ಎದ್ದಿತು. ಯಾವ ಕಾಲದಲ್ಲೋ ಹಾಳಾದ ಅವಳ ರಾಜ್ಯ ಹಲ್ಲು ಮೂಡದ ಆ ಮಗುವಿನ ಹೆಸರಲ್ಲಿ ಕೂತಿದೆ. ಮೊನ್ನೆ ಮೊನ್ನೆ ಹೋದ ಈ ನಮ್ಮ ಗಣಿಯೂರು ಯಾರ ಹೆಸರಲ್ಲೂ ಇಲ್ಲ. ನನ್ನ ಹೆಸರಿನ ಮುಂದೆ ಈಗಲೂ 'ಬಿ'ಯೇ ಇದೆ.