ಕಾರ್ಡಿನಲ್ಲಿ ಬಂದ ಕುಂಕುಮ

ಆಗ ನನಗೆ ಅರವತ್ತಾರು. ನಾಲ್ಕು ವರ್ಷದ ಹಿಂದಿನ ಮಾತು. ಅಕ್ಕ ತೀರಿಕೊಂಡು ಐದು ದಿನವಾಗಿತ್ತು. ಹನ್ನೊಂದನೆಯ ದಿನದ ಊಟಕ್ಕೆ ಬೀಗರನ್ನು ಕರೆಯುವ ಕಾರ್ಡು ಮಾಡಿಸಲು ನಾನೂ ನನ್ನ ತಮ್ಮನೂ ಕುಷ್ಟಗಿಗೆ ಹೋದೆವು. ಅಕ್ಕ ಇದ್ದದ್ದು ತಮ್ಮನ ಮನೆಯಲ್ಲೇ. ಅವಳಿಗೆ ಹತ್ತೊಂಬತ್ತಾದಾಗ ಗಂಡ ಸತ್ತ, ಮಕ್ಕಳಿಲ್ಲ, ತವರಿಗೆ ಬಂದಳು. ಐವತ್ತು ವರ್ಷ ಅಲ್ಲೇ ದುಡಿದು ಅಲ್ಲೇ ಸತ್ತಳು.

ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ಅಂಗಡಿ. ನಡೆಸುವವಳು ಮೂವತ್ತರ ಹೆಂಗಸು. ಪಿಂಚಣಿ ಅರ್ಜಿಗೆಂದು ತೆಗೆಸಿದ್ದ ಅಕ್ಕನ ಫೋಟೋ ತಮ್ಮನ ಹತ್ತಿರ ಇತ್ತು. ಬರಿ ಹಣೆ, ಬಿಗಿದ ತುಟಿ. ಅದನ್ನೇ ಕೊಟ್ಟ.

"ಇದನ್ನ ಅಂಟಸಾಕ ಎಷ್ಟೊತ್ತು ಬೇಕವ್ವಾ?" ಎಂದೆ.

"ನಾ ಅಂಟಸಂಗಿಲ್ರಿ ಅಮ್ಮಾ. ಕಾರ್ಡಿನ ಅಚ್ಚು ವರ್ಡ್‌ನ್ಯಾಗ ಮೊದ್ಲ ಮಾಡಿಟ್ಟೀನಿ. ಮ್ಯಾಲ ಒಂದಿಷ್ಟು ಕೋಡ್ ಬರದೀನಿ. ಹೆಸರು, ಊರು, ದಿನ ತುಂಬಿದ್ರ ಸಾಕು, ಫೋಟೋ ತಾನ ಹೋಗಿ ಚೌಕದಾಗ ಕುಂದ್ರತೈತಿ."

"ಛಲೋ ಆತು. ನಮ್ಮ ತಮ್ಮ ಹೇಳಿದ್ರೂ ಕುಂದ್ರಂಗಿಲ್ಲ."

ತಮ್ಮ ಬಾಗಿಲಲ್ಲೇ ನಿಂತಿದ್ದ. "ಸತ್ತಾಕಿ ಕಾರ್ಡ್ ಮಾಡಸಾಕ ಬಂದೀವಿ, ನಗ್ಯಾಡಬ್ಯಾಡ," ಎಂದ.

ಅವಳು ಒಂದು ಗುಂಡಿ ಒತ್ತಿದಳು. ಕಂಪ್ಯೂಟರಿನ ಪರದೆಯ ಮೇಲೆ ಕಾರ್ಡು ಬಂತು. ಎಡಕ್ಕೊಂದು ಬಲಕ್ಕೊಂದು ದೀಪ, ನಡುವೆ ಅಕ್ಕ. ಹಣೆಯ ಮೇಲೆ ದುಂಡಗೆ, ಕೆಂಪಗೆ ಕುಂಕುಮ.

"ಅಯ್ಯ, ಇದೇನ್ರಿ ಇದು! ಆಕಿ ಗಂಡ ಸತ್ತು ಐವತ್ತು ವರ್ಷ ಆಗೈತಿ," ಎಂದು ತಮ್ಮ ಒಳಗೆ ಬಂದ.

ಅಂಗಡಿಯವಳು ನಾಲಿಗೆ ಕಚ್ಚಿಕೊಂಡಳು. "ಭಾಳ ಮಂದಿ ಆಧಾರ್ ಕಾರ್ಡಿನ ಫೋಟೋ ತರ್ತಾರ್ರಿ. ಅದರಾಗ ಕುಂಕುಮ ಕಾಣಂಗಿಲ್ಲ. ಆಮ್ಯಾಲ ಬಂದು ಮುತ್ತೈದಿ ಹಣಿ ಯಾಕ ಬರಿದ ಬಿಟ್ಟಿ ಅಂತ ಜಗಳಾ ತಗೀತಾರ. ಅದಕ್ಕ ಹೆಣ್ಣಮಕ್ಕಳ ಕಾರ್ಡ್ ಅಂದ್ರ ಕುಂಕುಮದ ಚಿತ್ರಾನೂ ಹಾಕು ಅಂತ ಕೋಡ್‌ನ್ಯಾಗ ಬರದಿಟ್ಟಿದ್ದೆ. ಕೇಳಬೇಕಿತ್ತು. ತಪ್ಪಾತ್ರಿ."

ನಾನು ನೋಡುತ್ತಾ ಕೂತೆ. ಅಕ್ಕನ ಮುಖ ಅಷ್ಟು ಅಗಲವಿತ್ತೆಂಬುದು ನನಗೆ ಮರೆತೇ ಹೋಗಿತ್ತು.

ನನ್ನ ಕಡೆ ನೋಡಿ ಅಂಗಡಿಯವಳು, "ಇರಲಿ ಅಂದ್ರ ಬಿಡ್ತೀನ್ರಿ ಅಮ್ಮಾ. ಛಂದ ಕಾಣಾಕತ್ತಾರ," ಎಂದಳು.

"ಆಕಿ ಗಂಡನ ಮನಿಯವರು ಅಳವಂಡಿಯಿಂದ ಬರ್ತಾರ, ಏನಂದಾರು?" ಎಂದ ತಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಇನ್ನ ನೀನ ಹಿರೇಕಿ. ನೀ ಹೆಂಗಂತಿ ಹಂಗ," ಎಂದ.

ಇರಲಿ ಎನ್ನಬೇಕೆಂದು ನಾಲಿಗೆಯ ತುದಿಯವರೆಗೂ ಬಂತು. ಆದರೆ ಮೊಮ್ಮಗಳಿಗೆ ಗಂಡು ನೋಡುತ್ತಿದ್ದೆವು. ಅದೇ ಅಳವಂಡಿ ಕಡೆಯ ಮನೆತನ. ಮಂದಿಯ ಬಾಯಿಗೆ ಬೀಳುವುದು ಬೇಡವಾಗಿತ್ತು.

"ತಗಿಯವ್ವಾ," ಎಂದೆ.

ಅವಳು ಬರೆದದ್ದರಲ್ಲಿ ಒಂದು ಸಾಲು ಅಳಿಸಿ ಮತ್ತೆ ಗುಂಡಿ ಒತ್ತಿದಳು. ಕಾರ್ಡು ಬರಿ ಹಣೆಯೊಂದಿಗೆ ಬಂತು.

ಗಂಡ ಸತ್ತ ದಿನ ಅಕ್ಕನ ಕುಂಕುಮ ಒರೆಸಿದಾಗ ನನಗೆ ಹದಿನೈದು. ನಮ್ಮ ಸೋದರತ್ತೆ ಸೆರಗಿನಿಂದ ತಿಕ್ಕಿದಳು. ಅಕ್ಕ ತಲೆ ಹಿಂದಕ್ಕೆ ಎಳೆದುಕೊಂಡಳು. ನಾಲ್ಕು ಹೆಂಗಸರು ಹಿಡಿದರು. ಅವತ್ತಿನಿಂದ ಆ ಅತ್ತೆಯನ್ನು ನಾನು ಮಾತಾಡಿಸಲಿಲ್ಲ, ಸತ್ತಾಗ ಮಣ್ಣಿಗೂ ಹೋಗಲಿಲ್ಲ. ಈ ಸಲ ಯಾರೂ ಹಿಡಿಯಬೇಕಾಗಲಿಲ್ಲ. ನಾನು ಒಂದು ಮಾತು ಹೇಳಿದೆ, ಆಯಿತು.

ಬಸ್ಸಿನಲ್ಲಿ ಅಚ್ಚಾದ ಕಾರ್ಡುಗಳ ಚೀಲ ನನ್ನ ತೊಡೆಯ ಮೇಲಿತ್ತು. ತಮ್ಮ ಕಡಲೆ ಬೆಳೆಯ ಮಾತು ತೆಗೆದ. ನಾನು ಹೂಂ ಅನ್ನುತ್ತಾ ಬಂದೆ. ಅವನು ತನ್ನ ಊರಿನಲ್ಲಿ ಇಳಿದ, ಅಳವಂಡಿಯವರಿಗೆ ಕೊಡುವ ಕಾರ್ಡು ಹಿಡಿದು ನಾನು ಮುಂದೆ ನಮ್ಮ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಮೈ ತೊಳೆದುಕೊಂಡು ಕನ್ನಡಿಯ ಮುಂದೆ ನಿಂತೆ. ಕುಂಕುಮದ ಭರಣಿ ತೆಗೆದೆ, ಬೆರಳು ಮಾತ್ರ ಒಳಗೆ ಹೋಗಲಿಲ್ಲ. ಹಾಗೇ ಮುಚ್ಚಿಟ್ಟು ಹೊರಗೆ ಬಂದೆ.

ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಗಂಡ ತಲೆ ಎತ್ತಿ ನೋಡಿದ. "ಏ, ನಾ ಇನ್ನೂ ಅದೀನಿ! ಹಣಿ ಯಾಕ ಖಾಲಿ ಐತಿ?"

"ಅದೀರಿ, ಕಾಣತೈತಿ," ಎಂದೆ.

ಒಳಗೆ ಹೋಗಿ ಹಚ್ಚಿಕೊಂಡೆ. ಚೀಲ ಎತ್ತಿಕೊಂಡು ಅಳವಂಡಿಯ ಬಸ್ಸು ಹತ್ತಿದೆ.