ಸೊಸೆ ಚಾಪೆಯ ಮೇಲೆ ಕೂತ ಎರಡು ವರ್ಷ

ಮೂವತ್ತು ವರ್ಷ ಮಕ್ಕಳಿಗೆ "ಬೆನ್ನು ನೆಟ್ಟಗೆ ಮಾಡಿ ಕೂತ್ಕೊಳ್ರೋ" ಎಂದು ಗದರಿಸಿದ ಮೇಷ್ಟ್ರು ನಾನು. ನನ್ನ ಮನೆಯಲ್ಲೇ, ನನ್ನ ಕಣ್ಣೆದುರೇ ಒಂದು ಬೆನ್ನು ಹಾಳಾಗುತ್ತಿದ್ದಾಗ ಅದನ್ನು ನೋಡಿ ಖುಷಿಪಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ.

ಸೊಸೆಯದು ಮನೆಯಿಂದಲೇ ಮಾಡುವ ಕೆಲಸ. ಎಲ್ಲೋ ದೂರದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡಬೇಕು. ಸುಂಟಿಕೊಪ್ಪದ ನಮ್ಮ ಮನೆಯ ಹಳೇ ದಪ್ಪ ಗೋಡೆ ದಾಟಿ ವೈಫೈ ಒಳಗಿನ ಕೋಣೆಗೆ ಹೋಗುತ್ತಿರಲಿಲ್ಲ. ಸಿಗುತ್ತಿದ್ದುದು ಮುಂದಿನ ಹಾಲಿನಲ್ಲಿ ಮಾತ್ರ. ಆ ಹಾಲ್ ಅಂದರೆ ನನ್ನ ಸಾಮ್ರಾಜ್ಯ! ರಿಟೈರಾದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಪೇಪರ್ ಹಿಡಿದು, ಮಡಿಕೇರಿ ಬಸ್ಸು ಇವತ್ತೂ ತಡ ಎಂದು ಗೊಣಗುತ್ತಾ ಕೂರುತ್ತಿದ್ದೆ.

ಮೊದಲ ದಿನ ಅವಳು ಕಿಟಕಿ ಪಕ್ಕದ ಮೇಜಿಗೆ ಕುರ್ಚಿ ಎಳೆದುಕೊಂಡು ನನ್ನೆದುರು ಕೂತಳು. ನಾನು ಒಮ್ಮೆ ಕೆಮ್ಮಿದೆ. ಗಂಟಲಲ್ಲಿ ಏನೂ ಇರಲಿಲ್ಲ. ನಮ್ಮಮ್ಮ ತನ್ನ ಮಾವನ ಎದುರು ಒಂದು ದಿನವೂ ಕುರ್ಚಿಯಲ್ಲಿ ಕೂತವಳಲ್ಲ, ಅದೇ ನನ್ನ ತಲೆಯಲ್ಲಿ ಕೂತಿತ್ತು. ಸೊಸೆ ತಲೆಯೆತ್ತಿ ನೋಡಿದಳು. ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಗೋಡೆ ಪಕ್ಕ ಚಾಪೆ ಹಾಸಿ, ಒಂದು ಮಣೆಯನ್ನೇ ಮೇಜು ಮಾಡಿಕೊಂಡು ಕೂತಳು. ನಾನು ಪೇಪರ್ ಮಗುಚಿದೆ.

ಎರಡು ವರ್ಷ, ದಿನವಿಡೀ, ಕತ್ತು ಬಗ್ಗಿಸಿ ಹಾಗೇ ಕೂತಳು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ಪರಿಚಯದ ರೈಟರೊಬ್ಬರು ಕಾಫಿಗೆ ಬಂದಾಗ, "ಏನ್ ಮೇಷ್ಟ್ರೇ, ಸೊಸೇನೂ ಕ್ಲಾಸಲ್ಲಿ ಕೂರಿಸ್ಬಿಟ್ಟಿದ್ದೀರಲ್ಲ" ಎಂದು ರೇಗಿಸಿದರು. "ಈಗಿನ ಕಾಲ್ದಲ್ಲಿ ಇಂಥ ಹುಡುಗಿ ಸಿಗ್ತಾಳಾ ಹೇಳಿ" ಎಂದು ನಾನು ಬೀಗಿದೆ. ಅಷ್ಟರಲ್ಲಾಗಲೇ ಅವಳು ಏಳುವಾಗ ಗೋಡೆ ಹಿಡಿಯುತ್ತಿದ್ದಳು. ಇಡೀ ದಿನ ಕೂತೇ ಇರುವವಳಿಗೆ ಎಂಥ ನೋವು ಎಂದುಕೊಂಡೆ. ಮಗ ತಂದುಕೊಟ್ಟ ಮುಲಾಮಿನ ವಾಸನೆಗೆ ಮುಖ ಸಿಂಡರಿಸಿದ್ದೂ ಉಂಟು.

ಒಂದು ಬೆಳಿಗ್ಗೆ ಚಾಪೆಯಿಂದ ಅವಳಿಗೆ ಏಳಲಾಗಲಿಲ್ಲ. ಬಲಗಾಲು ಮರಗಟ್ಟಿತ್ತು. ಮಗ ಕೆಲಸಕ್ಕೆ ಹೋಗಿಯಾಗಿತ್ತು. ಬಾಡಿಗೆ ಕಾರು ತರಿಸಿ ನಾನೇ ಮಡಿಕೇರಿಗೆ ಕರೆದುಕೊಂಡು ಹೋದೆ.

ಡಾಕ್ಟರು ಎಲ್ಲ ಕೇಳಿ, "ಕುರ್ಚೀಲಿ ಕೂತು ಕೆಲ್ಸ ಮಾಡೋಕೆ ಏನಮ್ಮಾ ನಿಮ್ಗೆ?" ಎಂದರು.

"ನಂಗೆ ನೆಲಾನೇ ಅಭ್ಯಾಸ ಸರ್, ಕುರ್ಚಿ ಸರಿಹೋಗಲ್ಲ" ಎಂದಳು ಸೊಸೆ. ನನ್ನತ್ತ ನೋಡಲೇ ಇಲ್ಲ.

"ಹಠ ಮಾಡಿ ಬೆನ್ನು ಹಾಳ್ಮಾಡ್ಕೊಂಡ್ರಿ" ಎಂದು ಅವರು ಅವಳನ್ನೇ ಬೈದರು. ಹಠ ಅವಳದಲ್ಲ, ನನ್ನದು ಎನ್ನಬಹುದಿತ್ತು. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕೂತೆ. ಅದಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ಕಂಪನಿಯವರು ಸ್ವಲ್ಪ ದಿನ ಕಾದು ಬೇರೆಯವರನ್ನು ತೆಗೆದುಕೊಂಡರು. ಆ ಸುದ್ದಿ ಬಂದ ದಿನ ಅವಳು ಹಾಲಿನ ಕಿಟಕಿ ಹಿಡಿದು ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಎದ್ದು, ನನ್ನ ಕುರ್ಚಿಯನ್ನೇ ಅವಳತ್ತ ಎಳೆದೆ.

"ಕೂತ್ಕೋ ಮಗಳೇ. ತಪ್ಪೆಲ್ಲ ನಂದೇ."

"ಹತ್ತು ನಿಮಿಷ ಕೂತ್ರೂ ಕಾಲು ಸೆಳೀತದೆ ಮಾವ" ಎಂದಳು, ಸಿಟ್ಟಿಲ್ಲದೆ. "ನೀವೇ ಕೂತ್ಕೊಳ್ಳಿ."